ಡೊಮೇನ್ ಅವಧಿ ಮುಗಿದ ಮೇಲೆ ರಿಜಿಸ್ಟ್ರಾರ್ ಕೊಡುವ ಸೇವೆ: ಒಂದು ವಿಮರ್ಶೆ

ಡೊಮೇನ್ (ವೆಬ್‌ಸೈಟಿನ ಹೆಸರು) ಕೊಳ್ಳುವಾಗ ಎಲ್ಲರೂ ನೋಡುವುದು ಮೊದಲ ವರ್ಷದ ದರ. ಆದರೆ ಅದನ್ನು ಮಾರುವ ರಿಜಿಸ್ಟ್ರಾರ್ ಎಂಥವರೆಂದು ತಿಳಿಯುವುದು ನೋಂದಣಿಯ ಅವಧಿ ಮುಗಿದ ಮರುದಿನ. ಆದ್ದರಿಂದ ಇಲ್ಲಿ ಅಂಕ ಕೊಡುತ್ತಿರುವುದು ಆ ನಂತರದ ಸೇವೆಗೆ ಮಾತ್ರ.

ಮೊದಲು ಒಂದು ತಪ್ಪು ಲೆಕ್ಕ. ಡಾಟ್ ಕಾಮ್, ಡಾಟ್ ನೆಟ್ ಹೆಸರುಗಳಿಗೆ 45 ದಿನ ಗ್ರೇಸ್ (ತಡವಾಗಿ ನವೀಕರಿಸುವ ಕಾಲ), 30 ದಿನ ರಿಡೆಂಪ್ಷನ್ (ಅಳಿಸಿದ ಹೆಸರನ್ನು ಮರಳಿ ಪಡೆಯುವ ಕಾಲ), 5 ದಿನ ಪೆಂಡಿಂಗ್ ಡಿಲೀಟ್ (ಪೂರ್ತಿ ಅಳಿಯುವ ಮುಂಚಿನ ಕಾಲ), ಒಟ್ಟು 80 ದಿನ ಇದೆ ಎಂದು ನಂಬಿ ಕೂರುವವರು ಬಹಳ. ಆ 45 ದಿನ ರಿಜಿಸ್ಟ್ರಿಯು (ಡಾಟ್ ಕಾಮ್‌ನಂಥ ಹೆಸರುಗಳ ಮೂಲ ಪಟ್ಟಿ ಇಡುವ ಸಂಸ್ಥೆ) ರಿಜಿಸ್ಟ್ರಾರ್‌ಗೆ ಕೊಟ್ಟ ಗಡುವು, ನಿಮಗಲ್ಲ. ಅವಧಿ ಮುಗಿದೊಡನೆ ರಿಜಿಸ್ಟ್ರಿ ತಾನಾಗಿಯೇ ಒಂದು ವರ್ಷ ಸೇರಿಸಿ ರಿಜಿಸ್ಟ್ರಾರ್ ಲೆಕ್ಕದಿಂದ ಶುಲ್ಕ ಹಿಡಿಯುತ್ತದೆ. 45 ದಿನದೊಳಗೆ ರಿಜಿಸ್ಟ್ರಾರ್ ಹೆಸರು ಅಳಿಸಿದರೆ ಆ ಶುಲ್ಕ ವಾಪಸ್. ಅದರೊಳಗೆ ನಿಮಗೆ ಎಷ್ಟು ದಿನ ಬಿಟ್ಟುಕೊಡಬೇಕು ಎಂಬುದು ರಿಜಿಸ್ಟ್ರಾರ್ ಒಪ್ಪಂದದಲ್ಲಿ ಬರೆದಂತೆ. ಒಂದು ದಿನವೂ ಇಲ್ಲದಿರಬಹುದು.

ಇದೇ ಕಾರಣಕ್ಕೆ ಇನ್ನೊಂದು ಗೊಂದಲ. ಆರ್‌ಡಿಎಪಿ (ಡೊಮೇನಿನ ನೋಂದಣಿ ವಿವರ ತೋರಿಸುವ ಸೇವೆ) ಹುಡುಕಾಟದಲ್ಲಿ ರಿಜಿಸ್ಟ್ರಿಯ ದಿನಾಂಕ ಮುಂದಿನ ವರ್ಷಕ್ಕೆ ಜಿಗಿದಿರುತ್ತದೆ. ಅದನ್ನು ಕಂಡು ನವೀಕರಣ ಆಯಿತೆಂದು ನಿರಾಳರಾಗಬೇಡಿ. ಸ್ಟೇಟಸ್ ಸಾಲಿನಲ್ಲಿ 'ಆಟೋ ರಿನ್ಯೂ ಪೀರಿಯಡ್' ಎಂದಿದೆಯೇ, ರಿಜಿಸ್ಟ್ರಾರ್ ಖಾತೆಯೊಳಗೆ ಯಾವ ದಿನಾಂಕ ಇದೆ, ಎರಡನ್ನೂ ನೋಡಿ.

ನೋಟಿಸ್ ವಿಷಯದಲ್ಲಿ ನಿಯಮ ಚೆನ್ನಾಗಿದೆ. 2013ರ ಆಗಸ್ಟ್‌ನಿಂದ ಜಾರಿಯಲ್ಲಿರುವ ಐಕ್ಯಾನ್ (ಡೊಮೇನ್ ವ್ಯವಸ್ಥೆಗೆ ನಿಯಮ ಹಾಕುವ ಜಾಗತಿಕ ಸಂಸ್ಥೆ) ನೀತಿಯಂತೆ ಅವಧಿಗೆ ಸುಮಾರು ಒಂದು ತಿಂಗಳು ಮುಂಚೆ, ಒಂದು ವಾರ ಮುಂಚೆ, ಮುಗಿದ 5 ದಿನದೊಳಗೆ, ಹೀಗೆ ಮೂರು ಸಲ ಎಚ್ಚರಿಸಲೇಬೇಕು. ಖಾತೆಗೆ ಲಾಗಿನ್ ಆದರಷ್ಟೇ ಕಾಣುವ ಸಂದೇಶ ಲೆಕ್ಕಕ್ಕಿಲ್ಲ. ಹೀಗಿದ್ದೂ ನೋಟಿಸ್ ಕೈತಪ್ಪುವುದು ಏಕೆ? ಖಾತೆಗೆ ಕೊಟ್ಟ ಇಮೇಲ್ ಅದೇ ಡೊಮೇನಿನದಾಗಿರುತ್ತದೆ! ಡಿಎನ್‌ಎಸ್ (ಹೆಸರಿನಿಂದ ಸೈಟ್, ಮೇಲ್ ಎಲ್ಲಿದೆ ಎಂದು ಹುಡುಕಿಕೊಡುವ ವ್ಯವಸ್ಥೆ) ನಿಂತಾಗ ಮೂರನೆಯ ನೋಟಿಸೂ ಇಲ್ಲ, ಪಾಸ್‌ವರ್ಡ್ ಮರುಹೊಂದಿಸುವ ಕೊಂಡಿಯೂ ಇಲ್ಲ. ಬೇರೆ ಡೊಮೇನಿನ ವಿಳಾಸ ಕೊಡುವುದು ಎರಡು ನಿಮಿಷದ ಕೆಲಸ.

ಸೈಟ್ ಒಮ್ಮೆಲೇ ಎಲ್ಲರಿಗೂ ನಿಲ್ಲುವುದೂ ಇಲ್ಲ. ರಿಜಿಸ್ಟ್ರಾರ್ ನೇಮ್‌ಸರ್ವರ್ (ಹೆಸರಿನ ಡಿಎನ್‌ಎಸ್ ದಾಖಲೆ ಇಡುವ ಯಂತ್ರ) ಬದಲಿಸಿ ನಿಮ್ಮ ಸೈಟಿನ ಜಾಗದಲ್ಲಿ ತನ್ನ ಪಾರ್ಕಿಂಗ್ ಪುಟ ತೋರಿಸುತ್ತದೆ, ಅಥವಾ ಹೆಸರನ್ನು ಡಿಎನ್‌ಎಸ್‌ನಿಂದ ತೆಗೆಯುವ 'ಕ್ಲೈಂಟ್ ಹೋಲ್ಡ್' ಹಾಕುತ್ತದೆ. ಹಳೆಯ ದಾಖಲೆ ಅಲ್ಲಲ್ಲಿ ಕ್ಯಾಶ್‌ನಲ್ಲಿ (ತಾತ್ಕಾಲಿಕ ನೆನಪಿನಲ್ಲಿ) ಉಳಿದಿರುವುದರಿಂದ ನಿಮ್ಮ ಫೋನಿನಲ್ಲಿ ಸರಿಯಿದ್ದು ಗ್ರಾಹಕರಿಗೆ ಕೆಟ್ಟಿರಬಹುದು. ದುಡ್ಡು ಕಟ್ಟಿದ ಮೇಲೂ ಇದೇ ಕಥೆ, ಒಂದೆರಡು ದಿನ ತಾಳಬೇಕು. ಈ ಅಡಚಣೆ ರಿಜಿಸ್ಟ್ರಾರ್ ಕಿರುಕುಳವಲ್ಲ: ಎಂಟು ದಿನ ಅಥವಾ ಹೆಚ್ಚು ಕಾದು ಅಳಿಸುವುದಾದರೆ, ನೀವು ನವೀಕರಿಸಬಹುದಾದ ಕೊನೆಯ 8 ದಿನವಾದರೂ ಸತತವಾಗಿ ಡಿಎನ್‌ಎಸ್ ತಡೆಯಲೇಬೇಕೆಂದು ಅದೇ ನೀತಿ ಹೇಳುತ್ತದೆ. ಮೇಲ್ ಓದದವರೂ ಸೈಟ್ ಕೆಟ್ಟರೆ ಎಚ್ಚರಗೊಳ್ಳುತ್ತಾರಲ್ಲ.

ನನ್ನ ದೊಡ್ಡ ತಕರಾರು ಹರಾಜಿನ ಮೇಲೆ. ಗ್ರೇಸ್ ಮುಗಿಯುವ ಮೊದಲೇ ಹಲವು ರಿಜಿಸ್ಟ್ರಾರ್‌ಗಳು ಹೆಸರನ್ನು ಹರಾಜಿಗಿಡುತ್ತಾರೆ. ಗಡುವಿನೊಳಗೆ ನೀವು ಹಣ ಕಟ್ಟಿದರೆ ಹರಾಜು ರದ್ದು. ಕಟ್ಟದಿದ್ದರೆ ಹೆಸರು ಅಳಿಯದೆ ನೇರವಾಗಿ ಗೆದ್ದವರ ಖಾತೆಗೆ ದಾಟುತ್ತದೆ. ಅಳಿಯದ ಮೇಲೆ ರಿಡೆಂಪ್ಷನ್ ಎಲ್ಲಿಂದ ಬಂತು? ಆ 30 ದಿನ ಶುರುವಾಗುವುದು ಅಳಿಸಿದ ಹೆಸರಿಗೆ ಮಾತ್ರ. ಒಳ್ಳೆಯ ಹೆಸರು, ಹಳೆಯ ಹೆಸರು ಇದ್ದಷ್ಟೂ ನಿಮ್ಮ 80 ದಿನ ಕುಗ್ಗುತ್ತದೆ.

ಹರಾಜಿನಲ್ಲಿ ಹೋಗದೆ ಅಳಿದಿದ್ದರೆ ರಿಡೆಂಪ್ಷನ್ ಕೆಲಸ ಮಾಡುತ್ತದೆ, ಆದರೆ ದುಬಾರಿ: ಮರುಸ್ಥಾಪನೆಗೆ ಪ್ರತ್ಯೇಕ ಶುಲ್ಕ, ಅದರ ಮೇಲೆ ಸಾಮಾನ್ಯವಾಗಿ ಒಂದು ವರ್ಷದ ನವೀಕರಣ. ಈ ಹಂತದಲ್ಲಿ ಬೇರೆ ರಿಜಿಸ್ಟ್ರಾರ್‌ಗೆ ವರ್ಗಾಯಿಸುವಂತಿಲ್ಲ, ಹಳಬರ ದರಕ್ಕೇ ತಲೆಬಾಗಬೇಕು. ನವೀಕರಣ, ತಡವಾದ ನವೀಕರಣ, ಮರುಸ್ಥಾಪನೆ ಮೂರರ ಶುಲ್ಕವನ್ನೂ ರಿಜಿಸ್ಟ್ರಾರ್ ಮೊದಲೇ ತಿಳಿಯುವಂತೆ ಇಟ್ಟಿರಬೇಕು. ಕೊಳ್ಳುವ ಮುಂಚೆ ಆ ಪುಟ ಹುಡುಕಿ. ಹುಡುಕಲು ತಿಣುಕಬೇಕಾದರೆ ಅಂಗಡಿ ಬದಲಿಸಿ.

ಆಟೋ ರಿನ್ಯೂವಲ್‌ಗೆ ಪೂರ್ತಿ ಅಂಕ, ಕಾರ್ಡ್ ಬದುಕಿರುವವರೆಗೆ. ಕಾರ್ಡ್ ಬದಲಾದ ದಿನವೇ ಖಾತೆಯಲ್ಲೂ ಬದಲಿಸಿ, ಜೊತೆಗೆ ಬೇರೊಂದು ಪಾವತಿ ದಾರಿ ಸೇರಿಸಿ. ಡಾಟ್ ಕಾಮ್‌ಗೆ ಒಟ್ಟು 10 ವರ್ಷದವರೆಗೆ ಮುಂಗಡ ಕಟ್ಟಬಹುದು. ಮುಖ್ಯ ಹೆಸರಿಗೆ ಅದು ಜಾಣತನ.

ದೇಶ, ಪ್ರದೇಶಗಳಿಗೆ ಮೀಸಲಾದ ಡೊಮೇನ್‌ಗಳಿಗೆ ಮೇಲಿನ ಲೆಕ್ಕ ಹೊಂದುವುದಿಲ್ಲ. ಉದಾಹರಣೆಗೆ ಯುರೋಪಿಯನ್ ಒಕ್ಕೂಟದ ಡಾಟ್ ಇಯುವಿನಲ್ಲಿ ಅಳಿಸಿದ ಹೆಸರು 40 ದಿನ ಕ್ವಾರಂಟೈನ್‌ನಲ್ಲಿರುತ್ತದೆ.

ಬ್ಯಾಕ್‌ಆರ್ಡರ್ (ಅಳಿಯಲಿರುವ ಹೆಸರನ್ನು ಹಿಡಿದುಕೊಡಲು ಮೊದಲೇ ಹಣ ಕಟ್ಟುವ ಸೇವೆ) ಬಗ್ಗೆ ಒಂದೇ ಮಾತು. ಪೆಂಡಿಂಗ್ ಡಿಲೀಟ್‌ನ 5 ದಿನ ನವೀಕರಣವೂ ಇಲ್ಲ, ಮರುಸ್ಥಾಪನೆಯೂ ಇಲ್ಲ. ಆಮೇಲೆ ಹೆಸರು ಬಿದ್ದ ಕ್ಷಣಕ್ಕೆ ಹತ್ತಾರು ಯಂತ್ರಗಳು ಒಟ್ಟಿಗೆ ಎರಗುತ್ತವೆ. ಸಿಗದಿದ್ದರೆ ಹಣ ವಾಪಸ್ ಎಂದು ಬರೆದಿದ್ದರೆ ಮಾತ್ರ ಕಟ್ಟಿ.