ವೋನ್‌ಹೈಮಾ, ವೇಗೇನಾ? ಜರ್ಮನಿಯಲ್ಲಿ ನಾನಿದ್ದ ಮೂರು ರೂಮುಗಳು

ಮಾಸ್ಟರ್ಸ್ ಓದಲು ಜರ್ಮನಿಗೆ ಬಂದು ಎರಡೂವರೆ ವರ್ಷವಾಗುತ್ತಾ ಬಂತು. ಅಷ್ಟರಲ್ಲಿ ಮೂರು ಥರದ ಮನೆ ನೋಡಿದೆ. ಮೊದಲ ಎರಡು ತಿಂಗಳು ಝ್ವಿಶೆನ್‌ಮೀಟೆ. ಅಂದರೆ ಯಾರೋ ಇಂಟರ್ನ್‌ಶಿಪ್‌ಗೆಂದು ಬೇರೆ ಊರಿಗೆ ಹೋಗಿರುತ್ತಾರೆ, ಅವರು ವಾಪಸ್ ಬರುವ ತನಕ ಅವರ ರೂಮಿನಲ್ಲಿ ನಾವು ಬಾಡಿಗೆಗಿರುವುದು. ಆಮೇಲೆ ಒಂದು ವರ್ಷ ವೋನ್‌ಹೈಮ್, ನಮ್ಮ ಮಾತಿನಲ್ಲಿ ಹಾಸ್ಟೆಲ್. ಈಗ ಒಂದೂಕಾಲು ವರ್ಷದಿಂದ ವೇಗೇ. ವೋನ್‌ಗೆಮೈನ್‌ಶಾಫ್ಟ್ ಅನ್ನುವ ಉದ್ದದ ಪದವನ್ನು ಇಲ್ಲಿ ಎಲ್ಲರೂ ಎರಡಕ್ಷರಕ್ಕೆ ಇಳಿಸಿದ್ದಾರೆ. ಮೂರ್ನಾಲ್ಕು ಜನ ಒಂದು ಫ್ಲಾಟ್ ಹಿಡಿದು, ತಲೆಗೊಂದು ರೂಮ್ ಇಟ್ಟುಕೊಂಡು, ಅಡುಗೆಮನೆ, ಬಚ್ಚಲು ಹಂಚಿಕೊಂಡು ಬಾಳುವ ಮನೆ ಅದು.

ಹೊಸದಾಗಿ ಬರುವವರು ಮೊದಲು ಕೇಳುವುದು ಬಾಡಿಗೆ. ಅದನ್ನೂ ಹೇಳುತ್ತೇನೆ. ಆದರೆ ಈ ಮೂರು ಮನೆಗಳ ನಿಜವಾದ ವ್ಯತ್ಯಾಸ ನನಗೆ ಕಂಡಿದ್ದು ಎರಡು ಕಡೆ: ಲೆಟರ್ ಬಾಕ್ಸಿನಲ್ಲಿ ಮತ್ತು ಅಡುಗೆಮನೆಯಲ್ಲಿ.

ಝ್ವಿಶೆನ್‌ಮೀಟೆ ಸಿಕ್ಕಿದ್ದು ಬಲು ಬೇಗ. ವೇಗೇ-ಗೆಝುಖ್ಟ್ ಅನ್ನುವ ವೆಬ್‌ಸೈಟಿನಲ್ಲಿ ನೋಡಿ, ಒಂದು ವಿಡಿಯೊ ಕಾಲ್ ಮಾಡಿ, ಎರಡೇ ದಿನದಲ್ಲಿ ಪಕ್ಕಾ ಆಯಿತು. ತಿಂಗಳಿಗೆ 390 ಯೂರೋ. ಹಾಸಿಗೆ, ಟೇಬಲ್, ಪಾತ್ರೆ ಎಲ್ಲ ಇತ್ತು. ಸೂಟ್‌ಕೇಸ್ ಇಳಿಸಿ ಮಲಗಿದರಾಯಿತು. ನಾನು ಕೇಳದೆ ಬಿಟ್ಟಿದ್ದು ಒಂದೇ ಪ್ರಶ್ನೆ: ಆನ್‌ಮೆಲ್ಡುಂಗ್ ಮಾಡಿಸಬಹುದಾ?

ಜರ್ಮನಿಯಲ್ಲಿ ಮನೆಗೆ ಬಂದ ಎರಡು ವಾರದೊಳಗೆ ಊರಿನ ಕಚೇರಿಗೆ ಹೋಗಿ ವಿಳಾಸ ನೋಂದಾಯಿಸಬೇಕು. ಅದೇ ಆನ್‌ಮೆಲ್ಡುಂಗ್. ಅದಕ್ಕೆ ಮನೆ ಕೊಟ್ಟವರ ಸಹಿ ಇರುವ ಒಂದು ಹಾಳೆ ಬೇಕು. ಆ ಹಾಳೆ ಕೇಳಿದಾಗ "ಎರಡೇ ತಿಂಗಳಲ್ವಾ, ಯಾಕೆ" ಅಂದರು. ಮನೆ ಮಾಲೀಕರಿಗೆ ಹೇಳದೆಯೇ ನನಗೆ ರೂಮ್ ಕೊಟ್ಟಿದ್ದರು ಅಂತ ಆಮೇಲೆ ಗೊತ್ತಾಯಿತು. ಒಳಬಾಡಿಗೆಗೆ ಕೊಡಲು ಮಾಲೀಕರ ಒಪ್ಪಿಗೆ ಬೇಕೇ ಬೇಕು. ಒಂದು ಹಾಳೆ ಇಲ್ಲದಿದ್ದಕ್ಕೆ ಸಾಲಾಗಿ ಎಲ್ಲವೂ ನಿಂತುಹೋಯಿತು. ನೋಂದಣಿಯಾದ ಮೇಲೆ ಅಂಚೆಯಲ್ಲಿ ಬರುವ ತೆರಿಗೆ ಸಂಖ್ಯೆ ಇಲ್ಲ, ಅದಿಲ್ಲದೆ ಪಾರ್ಟ್‌ಟೈಮ್ ಕೆಲಸಕ್ಕೆ ಸೇರಲು ತೊಡಕು, ವೀಸಾ ಮುಂದುವರಿಸುವ ಕಚೇರಿಯಲ್ಲೂ ಮೊದಲು ಕೇಳುವುದು ಅದೇ ನೋಂದಣಿ ಪತ್ರ.

ಲೆಟರ್ ಬಾಕ್ಸಿನದು ಇನ್ನೊಂದು ಕಥೆ. ಇಲ್ಲಿ ಡಬ್ಬಿಯ ಮೇಲೆ ಹೆಸರಿದ್ದರಷ್ಟೇ ಕಾಗದ ಬರುತ್ತದೆ, ಬರೀ ವಿಳಾಸ ಸರಿ ಇದ್ದರೆ ಸಾಲದು. ಬ್ಯಾಂಕಿನವರು ಕಾರ್ಡಿನ ಪಿನ್ ಕಳಿಸಿದ್ದು ಹಾಗೇ ವಾಪಸ್ ಹೋಯಿತು. ನೋಟ್‌ಬುಕ್ಕಿನಿಂದ ಬೆರಳಗಲದ ಚೀಟಿ ಹರಿದು, ಹೆಸರು ಬರೆದು, ಡಬ್ಬಿಗೆ ಟೇಪ್ ಹಚ್ಚಿದೆ. ಮಳೆಗೆ ಇಂಕು ಹರಡಿತು. ಮತ್ತೆ ಬರೆದೆ. ಆ ಎರಡು ತಿಂಗಳಲ್ಲಿ ಮೂರು ಸಲ ಬರೆದೆ.

ರೂಮ್ ಹುಡುಕುವಾಗ ಇನ್ನೊಂದು ಅಪಾಯವೂ ಇದೆ. "ನಾನು ಬೇರೆ ದೇಶದಲ್ಲಿದ್ದೇನೆ, ಅಡ್ವಾನ್ಸ್ ಹಾಕಿ, ಕೀ ಅಂಚೆಯಲ್ಲಿ ಕಳಿಸುತ್ತೇನೆ" ಅಂತ ಯಾರಾದರೂ ಬರೆದರೆ ಅದು ಮೋಸ. ಫೋಟೋ ಎಷ್ಟೇ ಚೆನ್ನಾಗಿರಲಿ, ಅಲ್ಲಿಗೇ ಬಿಡಿ.

ವೋನ್‌ಹೈಮ್‌ಗೆ ಜೂನ್‌ನಲ್ಲೇ ಅರ್ಜಿ ಹಾಕಿದ್ದೆ. ರೂಮ್ ಸಿಕ್ಕಿದ್ದು ಡಿಸೆಂಬರ್‌ನಲ್ಲಿ. ಬಹಳ ಜನ ಯೂನಿವರ್ಸಿಟಿಗೆ ಮೇಲ್ ಮಾಡಿ ಹಾಸ್ಟೆಲ್ ಕೇಳುತ್ತಾರೆ. ಆದರೆ ಹೆಚ್ಚಿನ ಹಾಸ್ಟೆಲ್‌ಗಳನ್ನು ನಡೆಸುವುದು ಸ್ಟುಡೀರೆಂಡೆನ್‌ವೆರ್ಕ್ ಅನ್ನುವ ಬೇರೆಯೇ ಸಂಸ್ಥೆ, ಅರ್ಜಿಯೂ ಅಲ್ಲಿಗೇ. ಅಡ್ಮಿಷನ್ ಸಿಕ್ಕ ದಿನವೇ ಹಾಕಿಬಿಡಿ. ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್‌ನಲ್ಲಿ ಶುರು, ಎಲ್ಲರಿಗೂ ಅದೇ ಹೊತ್ತಿಗೆ ರೂಮ್ ಬೇಕು. ಮ್ಯೂನಿಕ್ ಥರದ ಊರುಗಳಲ್ಲಂತೂ ಕಾಯುವ ಪಟ್ಟಿ ಬಹಳ ಉದ್ದ.

ಕೀ ಕೊಟ್ಟ ದಿನವೇ ಆ ಸಹಿಯ ಹಾಳೆಯನ್ನೂ ಕೈಗಿಟ್ಟರು. ಡಬ್ಬಿಯ ಮೇಲೆ ನನ್ನ ಹೆಸರು ಪ್ರಿಂಟಾಗಿ ಕೂತಿತ್ತು. ಅದನ್ನು ನೋಡಿ ಎಷ್ಟು ಸಮಾಧಾನ ಆಯಿತು ಅಂದರೆ, ಸುಮ್ನೆ ಎರಡು ನಿಮಿಷ ಅಲ್ಲೇ ನಿಂತಿದ್ದೆ.

ಬಾಡಿಗೆ 295 ಯೂರೋ. ಹೀಟರ್, ನೀರು, ಕರೆಂಟ್, ಇಂಟರ್ನೆಟ್ ಎಲ್ಲ ಅದರಲ್ಲೇ. ಹನ್ನೆರಡು ಚದರ ಮೀಟರ್ ರೂಮು, ಮಂಚ, ಮೇಜು, ಕಪಾಟು. ಹೀಟರ್ ಕೆಟ್ಟಾಗ ಹೌಸ್‌ಮೈಸ್ಟರ್‌ಗೆ, ಅಂದರೆ ಕಟ್ಟಡ ನೋಡಿಕೊಳ್ಳುವವರಿಗೆ, ಒಂದು ಫಾರ್ಮ್ ಬರೆದು ಕೊಟ್ಟೆ, ಎರಡನೇ ದಿನ ಸರಿಯಾಯಿತು. ಒಂದು ಖರ್ಚು ಮಾತ್ರ ಯಾರೂ ಮೊದಲೇ ಹೇಳಿರಲಿಲ್ಲ. ರೇಡಿಯೊ, ಟಿವಿ ಶುಲ್ಕವಾಗಿ ಇಲ್ಲಿ ಪ್ರತಿ ಮನೆಗೆ ತಿಂಗಳಿಗೆ 18.36 ಯೂರೋ ಕಟ್ಟಬೇಕು. ಟಿವಿ ಇಲ್ಲದಿದ್ದರೂ ಬಿಡುವುದಿಲ್ಲ. ಸಾಮಾನ್ಯ ಕಾರಿಡಾರ್‌ಗೆ ಬಾಗಿಲು ತೆರೆಯುವ ಹಾಸ್ಟೆಲ್ ರೂಮನ್ನು ಒಂದು ಪೂರ್ತಿ ಮನೆ ಅಂತಲೇ ಲೆಕ್ಕ ಹಾಕುತ್ತಾರೆ. ಹಾಗಾಗಿ ನನ್ನೊಬ್ಬನಿಗೇ ಪೂರ್ತಿ ಶುಲ್ಕ. ಒಟ್ಟು 313 ಯೂರೋ ಆಯಿತು.

ಅಡುಗೆಮನೆ ಹನ್ನೊಂದು ಜನಕ್ಕೆ ಒಂದು. ಫ್ರಿಡ್ಜಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಗೂಡು, ಪ್ರತಿ ಗೂಡಿಗೂ ಬೀಗ. ನಾನು ಬಂದ ಮೊದಲ ತಿಂಗಳಲ್ಲಿ ಯಾರೋ ತಳ ಹಿಡಿದ ಪಾತ್ರೆಯೊಂದನ್ನು ಸಿಂಕಿನಲ್ಲಿ ಬಿಟ್ಟರು. ನಾಲ್ಕನೇ ದಿನ ಅದರ ಮೇಲಿನ ಗೋಡೆಗೆ "ಇದು ಯಾರದು?" ಅನ್ನುವ ಚೀಟಿ ಬಂತು. ಆರನೇ ದಿನ ಅದರ ಕೆಳಗೆ ಬೇರೆ ಅಕ್ಷರದಲ್ಲಿ "ನನ್ನದಲ್ಲ". ಒಂಬತ್ತನೇ ದಿನ ಪಾತ್ರೆ ಕಸದ ಡಬ್ಬಿಯಲ್ಲಿತ್ತು, ಚೀಟಿ ಗೋಡೆಯಲ್ಲೇ ಇತ್ತು. ಯಾರೂ ಕೆಟ್ಟವರಲ್ಲ. ಹನ್ನೊಂದು ಜನರ ಜಾಗ ಯಾರೊಬ್ಬರದೂ ಆಗಿರಲಿಲ್ಲ, ಅಷ್ಟೇ. ಎಲ್ಲರೂ ಬೇಯಿಸಿಕೊಂಡು ತಟ್ಟೆ ಹಿಡಿದು ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆವು. ಡಿಸೆಂಬರ್‌ನಲ್ಲಿ ಇಲ್ಲಿ ಸಂಜೆ ನಾಲ್ಕೂವರೆಗೆಲ್ಲ ಕತ್ತಲು. ಆ ಕತ್ತಲಲ್ಲಿ ಒಬ್ಬನೇ ಕೂತು ಉಣ್ಣುವುದು ನನಗೆ ಬಹಳ ಭಾರವಾಯಿತು. ಫ್ರಿಡ್ಜಿನ ಮೇಲಿದ್ದ ಉಳಿದ ಹತ್ತೂ ಹೆಸರು ಬಾಯಿಪಾಠವಾಗಿತ್ತು, ಮುಖ ಗೊತ್ತಿದ್ದದ್ದು ನಾಲ್ಕು.

ವೇಗೇ ಹುಡುಕಲು ಹೊರಟಿದ್ದು ಅದಕ್ಕೇ. ಇದು ಮೂರರಲ್ಲೂ ಕಷ್ಟದ್ದು. ಇಲ್ಲಿ ಅರ್ಜಿಯನ್ನಲ್ಲ, ಮನುಷ್ಯನನ್ನು ಆರಿಸುತ್ತಾರೆ. 34 ಮೆಸೇಜ್ ಕಳಿಸಿದೆ. ಏಳು ಉತ್ತರ ಬಂತು, ನಾಲ್ಕು ಕಡೆ ಕರೆದರು, ಮೂರು ಕಡೆ ಬೇಡ ಅಂದರು. ಈ ಭೇಟಿಗೆ ಕಾಸ್ಟಿಂಗ್ ಅನ್ನುತ್ತಾರೆ. ಅಡುಗೆಮನೆ ಟೇಬಲ್ಲಿಗೆ ಕೂರಿಸಿ ಮುಕ್ಕಾಲು ಗಂಟೆ ಮಾತಾಡಿಸುತ್ತಾರೆ. ಪಾತ್ರೆ ಯಾವಾಗ ತೊಳೆಯುತ್ತೀಯ, ಬೇಜಾರಾದರೆ ಬಾಯಿಬಿಟ್ಟು ಹೇಳುತ್ತೀಯಾ, ಒಟ್ಟಿಗೆ ಊಟ ಮಾಡುವ ಮನೆ ಬೇಕಾ ಇಲ್ಲ ಝ್ವೆಕ್-ವೇಗೇ ಸಾಕಾ. ಝ್ವೆಕ್-ವೇಗೇ ಅಂದರೆ ಬಾಡಿಗೆ ಹಂಚಿಕೊಳ್ಳಲಷ್ಟೇ ಸೇರಿದ ಮನೆ. ಬೇಡ ಅಂತ ಮೆಸೇಜ್ ಬಂದಾಗ ನೋವಾಗುತ್ತದೆ, ಅದರಲ್ಲಿ ಮುಚ್ಚಿಡುವುದೇನಿಲ್ಲ.

ಮೊದಲ ಇಪ್ಪತ್ತು ಮೆಸೇಜ್‌ಗಳಲ್ಲಿ ನಾನು ಕೋರ್ಸ್, ಮಾರ್ಕ್ಸ್, ಸಿಗರೇಟ್ ಸೇದಲ್ಲ ಅನ್ನುವುದನ್ನು ಕಾಪಿ ಪೇಸ್ಟ್ ಮಾಡುತ್ತಿದ್ದೆ. ಕೆಲವು ಜಾಹೀರಾತುಗಳ ಮಧ್ಯದಲ್ಲಿ ಒಂದು ಗುಟ್ಟಿನ ಪದ ಇಟ್ಟು, ಮೆಸೇಜಿನಲ್ಲಿ ಅದನ್ನು ಬರೆಯಿರಿ ಅಂದಿರುತ್ತಾರೆ. ಪೂರ್ತಿ ಓದಿದವರು ಯಾರು ಅಂತ ಅದರಿಂದ ತಿಳಿಯುತ್ತದೆ. ನಾನು ಎಷ್ಟನ್ನು ತಪ್ಪಿಸಿಕೊಂಡೆನೋ. ಆಮೇಲೆ ಅವರು ಬರೆದದ್ದನ್ನು ಓದಿ, ಅವರಿಗಂತಲೇ ಐದಾರು ಸಾಲು ನನ್ನ ಅರೆಬರೆ ಜರ್ಮನ್‌ನಲ್ಲೇ ಬರೆಯತೊಡಗಿದೆ. ಏಳರಲ್ಲಿ ಆರು ಉತ್ತರ ಬಂದಿದ್ದು ಅವಕ್ಕೇ.

ಸಿಕ್ಕ ರೂಮು ಖಾಲಿ ಡಬ್ಬ. ಸೀಲಿಂಗ್‌ನಿಂದ ಬಲ್ಬಿಲ್ಲದ ವೈರು ನೇತಾಡುತ್ತಿತ್ತು. ಹತ್ತು ದಿನ ನೆಲದ ಮೇಲೆ ಮಲಗಿದೆ. ಅಡ್ವಾನ್ಸ್ 500 ಯೂರೋ ಒಂದೇ ಸಲ ಕಟ್ಟಿದೆ. ಕಾನೂನಿನ ಪ್ರಕಾರ ಅಡ್ವಾನ್ಸ್ ಮೂರು ತಿಂಗಳ ಕಾಲ್ಟ್‌ಮೀಟೆಗಿಂತ, ಅಂದರೆ ಹೀಟರ್, ನೀರು ಇತ್ಯಾದಿ ಸೇರಿಸದ ಬಾಡಿಗೆಗಿಂತ, ಜಾಸ್ತಿ ಇರುವಂತಿಲ್ಲ. ಅದನ್ನು ಮೂರು ಕಂತಿನಲ್ಲಿ ಕಟ್ಟುವ ಹಕ್ಕೂ ಇದೆ. ಇದು ಗೊತ್ತಿದ್ದರೆ ಆ ತಿಂಗಳು ಅಷ್ಟು ಒದ್ದಾಡುತ್ತಿರಲಿಲ್ಲ. ಒಂದು ಕೆಲಸ ಮಾತ್ರ ಸರಿಯಾಗಿ ಮಾಡಿದೆ. ಸಹಿ ಹಾಕುವ ಮೊದಲು ಮಾಲೀಕರ ಒಪ್ಪಿಗೆ ಪತ್ರ ತೋರಿಸಿ ಅಂದೆ, ತೋರಿಸಿದರು.

ಬಾಡಿಗೆ 330, ಕರೆಂಟ್, ಇಂಟರ್ನೆಟ್ 26. ಟಿವಿ ಶುಲ್ಕ ಮನೆಗೆ ಒಂದೇ ಆದ್ದರಿಂದ ಮೂವರಿಗೆ ಹಂಚಿ 6.12. ಒಟ್ಟು 362. ಹಾಸ್ಟೆಲ್‌ಗಿಂತ 50 ಯೂರೋದಷ್ಟು ಜಾಸ್ತಿ. ಇದರ ಜೊತೆ ವರ್ಷಕ್ಕೊಮ್ಮೆ ಹೀಟರ್, ನೀರಿನ ಲೆಕ್ಕ ಬರುತ್ತದೆ. ಹೋದ ಸಲ ತಲೆಗೆ 84 ಯೂರೋ ಬಿತ್ತು. ಹೀಟರ್ ಹಾಕಿಕೊಂಡೇ ಕಿಟಕಿಯನ್ನು ದಿನವಿಡೀ ಓರೆ ತೆರೆದಿಡುತ್ತಿದ್ದವನು ನಾನೇ. ಹೀಟರ್ ಆರಿಸಿ, ಕಿಟಕಿ ಪೂರ್ತಿ ತೆರೆದು, ಐದು ನಿಮಿಷದಲ್ಲಿ ಮುಚ್ಚಬೇಕು ಅಂತ ತೋರಿಸಿಕೊಟ್ಟರು. ಜಗಳ ಆಗಲಿಲ್ಲ.

ಅಡುಗೆಮನೆ ಬಾಗಿಲಿಗೆ ರಟ್ಟಿನ ಚಕ್ರವೊಂದನ್ನು ಗುಂಡುಸೂಜಿಯಿಂದ ಚುಚ್ಚಿದ್ದಾರೆ. ಹೊರಸುತ್ತಿನಲ್ಲಿ ಬಚ್ಚಲು, ಅಡುಗೆಮನೆ, ಕಸ. ಒಳಸುತ್ತಿನಲ್ಲಿ ಮೂರು ಹೆಸರು. ಪ್ರತಿ ಭಾನುವಾರ ಸಂಜೆ ಚಕ್ರವನ್ನು ಒಂದು ಹೆಜ್ಜೆ ತಿರುಗಿಸುತ್ತೇವೆ. ಫ್ರಿಡ್ಜಿಗೆ ಬೀಗವಿಲ್ಲ. ಹಾಲು, ಎಣ್ಣೆ, ಉಪ್ಪು ಎಲ್ಲರದು. ಸಿಂಕಿನಲ್ಲಿ ಪಾತ್ರೆ ಬಿದ್ದಿದ್ದರೆ ಯಾರದು ಅಂತ ಕೇಳಲು ಚೀಟಿ ಬೇಡ, ಪಕ್ಕದ ಬಾಗಿಲು ತಟ್ಟಿದರೆ ಸಾಕು.

ನನ್ನನ್ನು ಕೇಳಿದರೆ, ಮೊದಲ ಸೆಮಿಸ್ಟರ್‌ಗೆ ಹಾಸ್ಟೆಲ್ಲೇ ಸರಿ. ಕಾಗದಪತ್ರ, ಹೊಸ ಭಾಷೆ, ಕ್ಲಾಸು ಎಲ್ಲ ಒಟ್ಟಿಗೆ ಮೈಮೇಲೆ ಬೀಳುವಾಗ ಕಾಸ್ಟಿಂಗಿಗೆ ಓಡಾಡಲು ಶಕ್ತಿ ಇರುವುದಿಲ್ಲ. ಕಾಲೂರಿದ ಮೇಲೆ ವೇಗೇ ಹುಡುಕಿ. ಆ 50 ಯೂರೋ ನನಗಂತೂ ಒಮ್ಮೆಯೂ ದಂಡ ಅನ್ನಿಸಿಲ್ಲ, ನನ್ನ ಜರ್ಮನ್ ಸುಧಾರಿಸಿದ್ದು ಕ್ಲಾಸಿನಲ್ಲಲ್ಲ, ಈ ಮನೆಯ ಟೇಬಲ್ಲಿನಲ್ಲಿ. ಹಾಸ್ಟೆಲ್ ಸಿಗುವ ತನಕ ಝ್ವಿಶೆನ್‌ಮೀಟೆಗೇ ಹೋಗಬೇಕಾಗಿ ಬಂದರೆ, ಆನ್‌ಮೆಲ್ಡುಂಗ್ ಮಾಡಿಸಬಹುದು ಅಂತ ಬರಹದಲ್ಲಿ ಪಡೆದುಕೊಂಡೇ ದುಡ್ಡು ಹಾಕಿ.

ಮನೆಯ ಮೂವರಲ್ಲಿ ಒಬ್ಬಳು ಮುಂದಿನ ತಿಂಗಳು ಬೇರೆ ಊರಿಗೆ ಹೊರಟಿದ್ದಾಳೆ. ಮೊನ್ನೆ ರಾತ್ರಿ ಅವಳ ರೂಮಿಗೆ ಬಂದ ಮೆಸೇಜ್‌ಗಳನ್ನು ಮೂವರೂ ಕೂತು ಓದಿದೆವು. ಒಂದು ನಾನು ಮೊದಲು ಬರೆಯುತ್ತಿದ್ದಂಥದ್ದೇ: ಕೋರ್ಸ್, ಮಾರ್ಕ್ಸ್, ಸಿಗರೇಟ್ ಸೇದಲ್ಲ. ಬದಿಗೆ ಸರಿಸಲು ಮನಸ್ಸಾಗಲಿಲ್ಲ. ಭಾನುವಾರ ನಾಲ್ಕು ಗಂಟೆಗೆ ಬಾ ಅಂತ ಅವನಿಗೂ ಬರೆದಿದ್ದೇನೆ.