ಮಳೆ ಬಂದರೆ ನೆಟ್ ಹೋಗುತ್ತಿತ್ತು, ತಪ್ಪು ಮಳೆಯದ್ದಲ್ಲ

ಚಿಕ್ಕಮಗಳೂರಿನಲ್ಲಿ ಮನೆಯ ವೈಫೈ ಸರಿಮಾಡಿಸಲು ಯಾರನ್ನು ಕರೆಯೋದು ಅಂತ ಕೇಳುವವರಿಗೆ ಇದನ್ನು ಬರೆಯುತ್ತಿದ್ದೇನೆ. ಐ.ಜಿ. ರಸ್ತೆಯಲ್ಲಿ ಬೋರ್ಡ್ ಕೂಡ ಇಲ್ಲದ ಒಂದು ಪುಟ್ಟ ರಿಪೇರಿ ಅಂಗಡಿ, ಒಬ್ಬರೇ ನಡೆಸುತ್ತಾರೆ. ಐದಕ್ಕೆ ಐದು ಸ್ಟಾರ್ ಕೊಡುತ್ತೇನೆ.

ನಮ್ಮದು ಬಸವನಹಳ್ಳಿ ಕಡೆಯ ಹಳೇ ಹೆಂಚಿನ ಮನೆ. ಮಣ್ಣಿನ ಗೋಡೆ, ಒಂದೂವರೆ ಅಡಿ ದಪ್ಪ. ಜೂನ್‌ನಿಂದ ಒಂದೇ ಗೋಳು, ಮಳೆ ಶುರುವಾದರೆ ನೆಟ್ ಇಲ್ಲ, ಮಳೆ ನಿಂತ ಸ್ವಲ್ಪ ಹೊತ್ತಿಗೆ ತಾನಾಗೇ ಬರುತ್ತಿತ್ತು. ಕಸ್ಟಮರ್ ಕೇರ್‌ಗೆ ಎಷ್ಟು ಸಲ ಫೋನ್ ಮಾಡಿದರೂ ರೂಟರ್ ಆಫ್ ಮಾಡಿ ಆನ್ ಮಾಡಿ ಅನ್ನುವುದು ಬಿಟ್ಟು ಬೇರೆ ಮಾತಿಲ್ಲ. ಇನ್ನೊಂದು ಕಡೆ ಕೇಳಿದರೆ, ಹಳೇ ಗೋಡೆ ಅಲ್ವಾ, ಮೆಶ್ (ಮನೆ ತುಂಬ ಸಿಗ್ನಲ್ ಹರಡುವ ಎರಡು-ಮೂರು ವೈಫೈ ಪೆಟ್ಟಿಗೆ) ಹಾಕಿಸಿ ಅಂತ 9,000 ರೂಪಾಯಿ ಲೆಕ್ಕ ಹೇಳಿದರು. ಹಾಕಿಸಿದ್ದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಆಗುತ್ತಿತ್ತು.

ಐ.ಜಿ. ರಸ್ತೆ ಅಂಗಡಿಯ ಇವರು ಬಂದವರೇ ವೈಫೈ ಕಡೆ ನೋಡಲೇ ಇಲ್ಲ. ಮೊದಲು ರೂಟರ್‌ನಿಂದ ಲ್ಯಾಪ್‌ಟಾಪ್‌ಗೆ ನೇರ ಕೇಬಲ್ ಹಾಕಿದರು. ನಮ್ಮದು 100 ಎಂಬಿಪಿಎಸ್ ಪ್ಲ್ಯಾನ್, 94 ಬಂತು. ಲೈನ್ ಚೆನ್ನಾಗೇ ಇದೆ, ಮಳೆ ಬಂದಾಗ ಮನೆಯಲ್ಲಿ ಏನು ಮಾಡ್ತೀರಿ ಹೇಳಿ ಅಂದರು. ಇರಚಲು ಹೊಡೆಯುತ್ತೆ, ಕಿಟಕಿ ಹಾಕ್ತೀವಿ ಅಂದರು ಅಮ್ಮ. ಅವರು ಎದ್ದು ಹೋಗಿ ಕಿಟಕಿ ಎಳೆದು ಚಿಲಕ ಹಾಕಿದರು. ಅಷ್ಟೇ, ರೂಟರ್ ಮೇಲಿನ ಎಲ್‌ಒಎಸ್ ದೀಪ, ಅಂದರೆ ಲೈನ್ ಸಿಗ್ನಲ್ ಹೋಗಿದೆ ಅಂತ ಹೇಳುವ ದೀಪ, ಕೆಂಪಗೆ ಮಿಣುಕತೊಡಗಿತು!

ಫೈಬರ್ ವೈರ್ ಆ ಕಿಟಕಿ ಸಂದಿಯಿಂದಲೇ ಒಳಗೆ ಬಂದಿತ್ತು. ಕಿಟಕಿ ಬಾಗಿಲು ಒತ್ತಿದ ಜಾಗದಲ್ಲಿ ಚಪ್ಪಟೆಯಾಗಿ ಮಡಚಿಕೊಂಡಿತ್ತು. ಒಳಗಿರುವುದು ಗಾಜಿನ ಎಳೆ, ಅದರಲ್ಲಿ ಹರಿಯುವುದು ಬೆಳಕು. ತುಂಡಾಗದಿದ್ದರೂ ಜಾಸ್ತಿ ಬಗ್ಗಿದರೆ ಬೆಳಕು ಅಲ್ಲೇ ಸೋರಿ ಹೋಗುತ್ತದೆ. ಬೆಳಕಿನ ಬಲ ಅಳೆಯುವ ಮೀಟರ್ ಹಾಕಿ ತೋರಿಸಿದರು. ಕಿಟಕಿ ತೆರೆದಾಗ ಮೈನಸ್ 21 ಡಿಬಿಎಂ (ಬೆಳಕಿನ ಬಲದ ಅಳತೆ, ಮೈನಸ್ ಜಾಸ್ತಿಯಾದಷ್ಟು ಬೆಳಕು ಕಡಿಮೆ), ಹಾಕಿದಾಗ ಮೈನಸ್ 30. ಮೈನಸ್ 27 ದಾಟಿ ಕೆಳಗಿಳಿದರೆ ಲೈನ್ ನಿಲ್ಲುವುದು ಕಷ್ಟ. ಚೌಕಟ್ಟಿನ ಪಕ್ಕ ತೂತು ಕೊರೆದು, ಕೆಟ್ಟ ಭಾಗ ಕತ್ತರಿಸಿ, ಹೊಸ ಕನೆಕ್ಟರ್ ಹಾಕಿ ವೈರ್ ಒಳಗೆ ತಂದರು.

ಅಡುಗೆಮನೆಗೆ ಸಿಗ್ನಲ್ ಬಾರದಿದ್ದದ್ದು ಬೇರೆಯೇ ವಿಷಯ. ರೂಟರ್ ಸ್ಟೀಲ್ ಬೀರುವಿನ ಹಿಂದಿತ್ತು, ಅದನ್ನು ಎತ್ತರದ ಗೂಡಿಗೆ ಇಟ್ಟರು. ಆದರೂ ಎರಡು ಗೋಡೆ ದಾಟಿ 5 ಗಿಗಾಹರ್ಟ್ಸ್‌ನ ವೇಗದ ವೈಫೈ ಬರಲಿಲ್ಲ, ದೂರ ಹೋಗುವ 2.4 ಗಿಗಾಹರ್ಟ್ಸ್‌ನದ್ದು ಬಂದರೂ ಎಳೆದಾಡುತ್ತಿತ್ತು. ನಮ್ಮಲ್ಲಿ ಸುಮ್ನೆ ಬಿದ್ದಿದ್ದ ಹಳೇ ರೂಟರ್‌ನ ಡಿಎಚ್‌ಸಿಪಿ (ಫೋನು, ಲ್ಯಾಪ್‌ಟಾಪ್‌ಗಳಿಗೆ ನೆಟ್ ವಿಳಾಸ ಹಂಚುವ ಕೆಲಸ, ಅದನ್ನು ಒಂದೇ ರೂಟರ್ ಮಾಡಬೇಕು) ಆಫ್ ಮಾಡಿ, ಅಟ್ಟದ ಮೇಲಿಂದ 15 ಮೀಟರ್ ಕ್ಯಾಟ್ 6 ನೆಟ್‌ವರ್ಕ್ ಕೇಬಲ್ ಎಳೆದು, ಅದನ್ನೇ ಅಡುಗೆಮನೆಗೆ ಹಾಕಿದರು. ಒಂದಕ್ಕೊಂದು ಅಡ್ಡಿಯಾಗದ ಹಾಗೆ ಒಂದು ರೂಟರ್ 1ನೇ ವೈಫೈ ಚಾನೆಲ್‌ಗೆ, ಇನ್ನೊಂದು 11ಕ್ಕೆ. ಅಟ್ಟದಲ್ಲಿ ಇಲಿ ಕಾಟ ಅಂತ ಕೇಬಲ್ಲನ್ನು ಪೈಪ್ ಒಳಗೆ ತೂರಿಸಿದರು, ನಾವು ಹೇಳಿರಲಿಲ್ಲ. ಎಲ್ಲ ಸೇರಿ 1,450 ರೂಪಾಯಿ.

ಹೇಳಿದ ದಿನಕ್ಕಿಂತ ಎರಡು ದಿನ ತಡವಾಗಿ ಬಂದರು, ಆ ಎರಡು ದಿನ ನನಗೆ ಕೋಪ ಬಂದಿದ್ದು ನಿಜ. ಕೊರೆದ ಧೂಳನ್ನೂ ನಾವೇ ಗುಡಿಸಿದೆವು. ಫೋನ್ ಎತ್ತುವುದು ಕಡಿಮೆ. ಹತ್ತೂವರೆಯೊಳಗೆ ಅಂಗಡಿಗೇ ಹೋಗಿ ಮಾತಾಡಿ, ಆಮೇಲೆ ಅವರು ಎಸ್ಟೇಟ್ ಕಡೆ ಕೆಲಸಕ್ಕೆ ಹೋಗಿಬಿಡುತ್ತಾರೆ.