ಗೇಜ್ ಸೊನ್ನೆ ತೋರಿಸಿದರೂ ಸಿಲಿಂಡರಿನೊಳಗೆ ಗಾಳಿ ಇರುತ್ತದೆ

ಪೀಣ್ಯದಲ್ಲಿ ನಮ್ಮದು ಆರು ಜನರ ಸಣ್ಣ ಶೆಡ್. ಡ್ರಿಲ್ಲಿಂಗ್ ಫಿಕ್ಸ್ಚರಿನಲ್ಲಿ ಜಾಬ್, ಅಂದರೆ ತೂತು ಕೊರೆಯಬೇಕಾದ ತುಂಡು, ಹಿಡಿಯಲು ಮೇಲಿನಿಂದ ಕೆಳಗೆ ಒತ್ತುವ ಒಂದು ನ್ಯೂಮ್ಯಾಟಿಕ್ ಸಿಲಿಂಡರ್ ಇದೆ: ಗಾಳಿಯ ಒತ್ತಡಕ್ಕೆ ಒಳಗಿನ ಪಿಸ್ಟನ್ ಸರಿದು, ಅದರ ರಾಡಿನ ತುದಿಯ ಪ್ಯಾಡ್ ಜಾಬನ್ನು ಒತ್ತುತ್ತದೆ. ಕಳೆದ ತಿಂಗಳು ಅದರ ಪ್ಯಾಡಿನಡಿ ಸಿಕ್ಕಿ ನಮ್ಮ ಹುಡುಗನೊಬ್ಬನ ಎರಡು ಬೆರಳ ತುದಿ ಜಜ್ಜಿಹೋಯಿತು. ಆಗ ಗಾಳಿ ಬಂದ್ ಮಾಡಿದ್ದೆವು, ಒತ್ತಡ ತೋರಿಸುವ ಗೇಜಿನ ಮುಳ್ಳು ಸೊನ್ನೆಯಲ್ಲಿತ್ತು. ಆದರೂ ನಾವು ಹಾಕಿದ್ದ ಹೊಸ ವಾಲ್ವ್ ಸಿಲಿಂಡರಿನೊಳಗೆ ಗಾಳಿಯನ್ನು ಹಿಡಿದಿಟ್ಟಿತ್ತು. ಸಿಲಿಂಡರಿನ ಟ್ಯೂಬ್ ಕಿತ್ತವನು ನಾನು. ಇಂಥ ವಾಲ್ವ್ ಹಾಕಿಕೊಂಡಿರುವ ಶೆಡ್ಡುಗಳು ಎಷ್ಟೋ ಇರುತ್ತವೆ, ಅದಕ್ಕಾಗಿಯೇ ಬರೆಯುತ್ತಿದ್ದೇನೆ.

ಇದು ಶುರುವಾದದ್ದು ಅಂಗಡಿಯಲ್ಲಿ. ಸಿಲಿಂಡರಿಗೆ ಗಾಳಿ ಬಿಡುವ, ಕರೆಂಟಿನಿಂದ ನಡೆಯುವ ಹಳೆಯ ಸೊಲೆನಾಯ್ಡ್ ವಾಲ್ವಿನಲ್ಲಿ ಗಾಳಿ ಸೋರುತ್ತಿತ್ತು. ಅದನ್ನು ಬಿಚ್ಚಿಕೊಂಡು ಹೋಗಿ, "5/3 ವಾಲ್ವ್, 24 ವೋಲ್ಟ್, ಕಾಲು ಇಂಚು ಪೋರ್ಟ್" ಎಂದು ಕೇಳಿದೆ. ಅಂಗಡಿಯವರು ಅದೇ ಅಳತೆಯ ಇನ್ನೊಂದನ್ನು ಕೊಟ್ಟು, "ಸರ್, ಎರಡೂ ಒಂದೇ" ಎಂದರು. ಹೊರಗಿನಿಂದ ನೋಡಿದರೆ ಒಂದೇ ನಿಜ. 5/3 ಎಂದರೆ ಐದು ಪೋರ್ಟು, ಮೂರು ಸ್ಥಾನ. 1ಕ್ಕೆ ಗಾಳಿ ಬರುತ್ತದೆ, 2 ಮತ್ತು 4 ಸಿಲಿಂಡರಿಗೆ ಹೋಗುತ್ತವೆ, 3 ಮತ್ತು 5 ಎಗ್ಜಾಸ್ಟ್. ಎರಡು ಕಾಯಿಲ್‌ಗಳಿಗೂ ಕರೆಂಟ್ ಇಲ್ಲದಿದ್ದಾಗ ಸ್ಪೂಲ್, ಅಂದರೆ ವಾಲ್ವಿನೊಳಗೆ ಸರಿದಾಡುವ ಕಡ್ಡಿ, ನಡುವಿನ ಸ್ಥಾನಕ್ಕೆ ಬರುತ್ತದೆ. ಆ ನಡುವಿನ ಸ್ಥಾನದಲ್ಲಿ ಗಾಳಿಗೆ ಏನಾಗುತ್ತದೆ ಎಂಬುದು "5/3" ಎಂಬ ಮಾತಿನಲ್ಲಿ ಎಲ್ಲಿಯೂ ಇಲ್ಲ. ನಮ್ಮ ಹಳೆಯದು ಎಗ್ಜಾಸ್ಟ್ ಸೆಂಟರ್: ನಡುವೆ ನಿಂತರೆ ಸಿಲಿಂಡರಿನ ಎರಡೂ ಬದಿಯ ಗಾಳಿ ಹೊರಗೆ ಹೋಗಿ ರಾಡ್ ಸಡಿಲವಾಗುತ್ತಿತ್ತು. ಹೊಸದು ಕ್ಲೋಸ್ಡ್ ಸೆಂಟರ್: ನಡುವೆ ನಿಂತರೆ ಐದೂ ಪೋರ್ಟು ಮುಚ್ಚಿಕೊಳ್ಳುತ್ತವೆ. ಒಳಗಿದ್ದ ಗಾಳಿ ಒಳಗೇ ಉಳಿಯುತ್ತದೆ. ಇದು ನನಗೆ ಗೊತ್ತಿರಲಿಲ್ಲ. ಅಂಗಡಿಯವರಿಗೆ ಗೊತ್ತಿತ್ತೋ ಇಲ್ಲವೋ, ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮೂರು ವಾರ ಏನೂ ತೊಂದರೆಯಾಗಲಿಲ್ಲ. ಆಮೇಲೆ ಒಂದು ಸಂಜೆ ಜಾಬ್ ಓರೆಯಾಗಿ ಕೂತು ಪಿನ್ನಿಗೆ ಸಿಕ್ಕಿಕೊಂಡಿತು. ಪ್ಯಾಡ್ ಇಳಿಯುತ್ತಿರುವಾಗಲೇ ಹುಡುಗ ಎಮರ್ಜೆನ್ಸಿ ಬಟನ್ ಒತ್ತಿದ. ಒಳ್ಳೆಯ ಕೆಲಸವನ್ನೇ ಮಾಡಿದ. ಕರೆಂಟ್ ಹೋಗಿ ವಾಲ್ವ್ ನಡುವಿನ ಸ್ಥಾನಕ್ಕೆ ಬಂತು, ಪ್ಯಾಡ್ ಜಾಬಿನಿಂದ ನಾಲ್ಕು ಬೆರಳು ಮೇಲೆ ನಿಂತಿತು. ನಾನು ಲೈನಿನ ಬಾಲ್ ವಾಲ್ವ್ ಮುಚ್ಚಿ, ಏರ್ ಗನ್ ಒತ್ತಿ ಉಳಿದ ಗಾಳಿಯನ್ನು ಖಾಲಿ ಮಾಡಿದೆ. ಎಫ್‌ಆರ್‌ಎಲ್ (ಲೈನಿನ ಗಾಳಿ ಸೋಸಿ ಒತ್ತಡ ಹೊಂದಿಸುವ ಘಟಕ) ಮೇಲಿನ ಗೇಜ್ 6 ಬಾರ್‌ನಿಂದ ಸೊನ್ನೆಗೆ ಇಳಿಯುವುದನ್ನು ಇಬ್ಬರೂ ನೋಡಿದೆವು. ಹುಡುಗ ಜಾಬನ್ನು ಅಲುಗಾಡಿಸಲು ಕೈ ಹಾಕಿದ. ನಾನು ರಾಡನ್ನು ಕೈಯಿಂದ ಮೇಲೆ ದೂಡಲು ನೋಡಿದೆ. ಅದು ಒಂದು ನೂಲಿನಷ್ಟು ಸರಿದು, ಬಿಟ್ಟ ಕೂಡಲೇ ಸ್ಪ್ರಿಂಗಿನಂತೆ ತಿರುಗಿ ಅಲ್ಲಿಗೇ ಬಂತು. ಜಾಮ್ ಆದ ರಾಡ್ ಹಾಗೆ ತಿರುಗಿ ಬರುವುದಿಲ್ಲ, ಗಾಳಿ ತುಂಬಿದ್ದರೆ ಮಾತ್ರ ಬರುತ್ತದೆ. ಅದು ನನಗೆ ಅಲ್ಲೇ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಕೆಳಗಿನ ಪೋರ್ಟಿನ ಟ್ಯೂಬ್ ಕಿತ್ತರೆ ಸಡಿಲವಾದೀತು ಎಂದುಕೊಂಡೆ. ಪುಶ್ ಫಿಟ್ಟಿಂಗಿನ ನೀಲಿ ಉಂಗುರ ಒತ್ತಿ ಎಳೆದೆ. ಟ್ಯೂಬ್ ಎಂದಿಗಿಂತ ಬಿಗಿಯಾಗಿತ್ತು. ಇನ್ನೂ ಜೋರಾಗಿ ಎಳೆದೆ. ಟಪ್ ಎಂದು ಬಂತು, ಜೊತೆಗೇ ಪ್ಯಾಡ್ ಇಳಿಯಿತು. "ಅಣ್ಣಾ" ಎಂದು ಅವನು ಕೂಗಿದ್ದು ಇವತ್ತಿಗೂ ಕಿವಿಯಲ್ಲಿದೆ.

ಆದದ್ದು ಇಷ್ಟು. ಪಿಸ್ಟನ್ನಿನ ಮೇಲೂ ಕೆಳಗೂ ಗಾಳಿ ಸಿಕ್ಕಿಕೊಂಡು ಒಂದನ್ನೊಂದು ತಡೆದು ನಿಂತಿತ್ತು. ನಾನು ಕೆಳಗಿನದನ್ನು ಬಿಟ್ಟುಬಿಟ್ಟೆ, ಮೇಲಿನದು ಒತ್ತಿತು. ಸಿಲಿಂಡರಿನ ಬೋರ್ (ಒಳವ್ಯಾಸ) 63 ಮಿಲಿಮೀಟರ್, ಅಂದರೆ ಪಿಸ್ಟನ್ನಿನ ವಿಸ್ತೀರ್ಣ ಸುಮಾರು 31 ಚದರ ಸೆಂಟಿಮೀಟರ್. 6 ಬಾರ್‌ನಲ್ಲಿ ಅದು ಒತ್ತುವ ಬಲ ಸುಮಾರು 190 ಕಿಲೋ. ಹೈಡ್ರಾಲಿಕ್ ಸಿಲಿಂಡರಿನಲ್ಲಿ ಸಿಕ್ಕಿಬಿದ್ದ ಎಣ್ಣೆಯಾದರೆ ಕೊಂಚ ಜಾಗ ಸಿಕ್ಕಿದ ಕೂಡಲೇ ಒತ್ತಡ ಕಳೆದುಕೊಳ್ಳುತ್ತದೆ. ಗಾಳಿ ಹಿಗ್ಗುತ್ತಾ ಒತ್ತುತ್ತಲೇ ಹೋಗುತ್ತದೆ. ಗೇಜ್ ಸುಳ್ಳು ಹೇಳಿರಲಿಲ್ಲ. ಅದು ಕೂತಿರುವುದು ವಾಲ್ವಿಗಿಂತ ಹಿಂದೆ, ಮುಚ್ಚಿದ ವಾಲ್ವಿನಾಚೆಗೆ ಏನಿದೆ ಎಂಬುದು ಅದಕ್ಕೆ ತಿಳಿಯುವುದೇ ಇಲ್ಲ.

ಪ್ರೆಷರ್ ಸೆಂಟರ್ ಎಂಬ ಮೂರನೆಯ ಬಗೆಯೂ ಇದೆ, ಅದನ್ನೂ ತಿಳಿದಿರಿ. ಅದರಲ್ಲಿ ನಡುವಿನ ಸ್ಥಾನದಲ್ಲಿ ಎರಡೂ ಬದಿಗೆ ಗಾಳಿ ಹೋಗುತ್ತದೆ. ಎರಡೂ ಕಡೆ ಒಂದೇ ಒತ್ತಡ, ಹಾಗಾಗಿ ರಾಡ್ ನಿಂತಲ್ಲೇ ನಿಲ್ಲುತ್ತದೆ ಎಂದು ಎಷ್ಟೋ ಜನ ಭಾವಿಸುತ್ತಾರೆ. ನಿಲ್ಲುವುದಿಲ್ಲ. ರಾಡ್ ಇರುವ ಬದಿಯಲ್ಲಿ ಅದರ ದಪ್ಪದಷ್ಟು ಜಾಗ ಕಡಿಮೆ. ನಮ್ಮ ಸಿಲಿಂಡರಿನ ರಾಡ್ 20 ಮಿಲಿಮೀಟರ್, ಅದು ಒಳಗೆ ಎಳೆಯುವ ಬಲ ಸುಮಾರು 170 ಕಿಲೋ. ಆ 20 ಕಿಲೋ ವ್ಯತ್ಯಾಸವೇ ರಾಡನ್ನು ಹೊರಗೆ ದೂಡುತ್ತದೆ.

ಹಾಗೆಂದು ಕ್ಲೋಸ್ಡ್ ಸೆಂಟರ್ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಭಾರ ಎತ್ತಿ ಹಿಡಿದ ಸಿಲಿಂಡರಿಗೆ ಎಗ್ಜಾಸ್ಟ್ ಸೆಂಟರ್ ಹಾಕಿದರೆ ಎಮರ್ಜೆನ್ಸಿ ಒತ್ತಿದಾಗ ಭಾರವೇ ಕೆಳಗೆ ಬೀಳುತ್ತದೆ, ಅದು ಇನ್ನೂ ಅಪಾಯ. ಆದರೆ ಕ್ಲೋಸ್ಡ್ ಸೆಂಟರ್ ಇದ್ದಲ್ಲಿ ಸಿಲಿಂಡರಿನ ಎರಡೂ ಪೋರ್ಟಿನ ಬಳಿ ಕೈಯಿಂದ ಗಾಳಿ ಬಿಡುವ ವಾಲ್ವ್ ಇರಲೇಬೇಕು. ಅದನ್ನು ತೆರೆಯುವ ಮುಂಚೆ ಪ್ಯಾಡ್ ಇಳಿಯದಂತೆ ಕಬ್ಬಿಣದ ಊರೆ ಕೊಡಬೇಕು, ಯಾರ ಕೈಯೂ ಒಳಗಿರಬಾರದು. ಟ್ಯೂಬ್ ಬಿಗಿಯಾಗಿ ಹಿಡಿದುಕೊಂಡಿದ್ದರೆ ಎಳೆಯಬೇಡಿ, ಒಳಗೆ ಒತ್ತಡವಿರಬಹುದು.

ವಾಲ್ವಿನ ಬದಿಯಲ್ಲಿ ಮೂರು ಚೌಕಗಳ ಚಿಹ್ನೆ ಅಚ್ಚಾಗಿರುತ್ತದೆ, ನಡುವಿನ ಚೌಕ ನೋಡಿ. ಐದು ಕಡೆಯೂ ಅಡ್ಡಗೆರೆಯ ತಡೆ ಇದ್ದರೆ ಕ್ಲೋಸ್ಡ್. 2 ಮತ್ತು 4ರಿಂದ ಗೆರೆ 3 ಮತ್ತು 5ಕ್ಕೆ ಹೋಗಿದ್ದರೆ ಎಗ್ಜಾಸ್ಟ್. 1ರಿಂದ ಎರಡೂ ಕಡೆಗೆ ಹೋಗಿದ್ದರೆ ಪ್ರೆಷರ್. ಅಂಗಡಿಗೆ ಹೋಗುವ ಮುಂಚೆ ಹಳೆಯ ವಾಲ್ವಿನ ಚಿಹ್ನೆಯ ಫೋಟೊ ತೆಗೆದುಕೊಳ್ಳಿ, ಯಾವ ಸೆಂಟರ್ ಎಂಬುದನ್ನು ಬಿಲ್ಲಿನಲ್ಲೇ ಬರೆಸಿಕೊಳ್ಳಿ.

ಹುಡುಗ ಈಗ ಊರಿನಲ್ಲಿದ್ದಾನೆ. ಒಂದು ಬೆರಳಿನ ಉಗುರು ಮತ್ತೆ ಬರುತ್ತಿದೆ, ಇನ್ನೊಂದು ಪೂರ್ತಿ ಮಡಚಲು ಆಗುತ್ತಿಲ್ಲ. ಹೊಸ ಎಗ್ಜಾಸ್ಟ್ ಸೆಂಟರ್ ವಾಲ್ವನ್ನು ಮೊನ್ನೆ ಹಾಕಿದೆವು. ಎಮರ್ಜೆನ್ಸಿ ಒತ್ತಿದರೆ ಸೈಲೆನ್ಸರಿನಿಂದ ಉಸ್ಸೆಂದು ಗಾಳಿ ಹೊರಬರುತ್ತದೆ. ಆ ಸದ್ದು ಪೂರ್ತಿ ನಿಂತು, ಪ್ಯಾಡಿಗೆ ಊರೆ ಕೊಟ್ಟ ಮೇಲೆಯೇ ನಮ್ಮಲ್ಲಿ ಈಗ ಯಾರಾದರೂ ಫಿಕ್ಸ್ಚರಿಗೆ ಕೈ ಹಾಕುವುದು.